ಮಾಸ್ತರರು ಮಾಳಿಗೆಯಿಂದ ಇಳಿದದ್ದು

ಲೋಕ ಮುಗಿಯಬೇಕಾಗಿದ್ದ ಬುಧವಾರ ಮುಂಜಾನೆ ನಾನು ಹಾಲಿಗೆ ಹೆಪ್ಪು ಹಾಕಿದೆ. ಅದಕ್ಕೇ ಮನೆಯಲ್ಲಿ ಜಗಳವಾಯಿತು. ನಮ್ಮ ಮನೆಯವರು, ಅಂದರೆ ಹಿಜ್ಕೀಯ ಮಾಸ್ತರರು, ಒಗೆದ ಬಿಳಿ ಅಂಗಿ ತೊಟ್ಟು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಕನ್ನಡಿಯಲ್ಲಿ ನನ್ನ ಕೈ ಕಂಡು ಗರಕ್ಕನೆ ತಿರುಗಿದರು.

“ಇವತ್ತ ಮಧ್ಯಾಹ್ನ ಕರ್ತ ಬರ್ತಾನ. ಸಂಜಿಗಿ ಮಸರು ಯಾರಿಗೆ ಬೇಕು? ನಿನಗ ಒಂದು ಚೂರೂ ವಿಶ್ವಾಸ ಇಲ್ಲ ನೋಡು, ತಬಿಥಾ.”

“ಬರ್ಲಿ ಬಿಡ್ರಿ. ಬಿಸಲಾಗ ಅಷ್ಟು ದೂರದಿಂದ ಬಂದಾವಗ ಒಂದು ಲೋಟ ಮಜ್ಜಿಗಿ ಕೊಡೂದು ಬ್ಯಾಡೇನು?”

ಅವರಿಗೆ ಸಿಟ್ಟು ಬಂತು. ನೆಲಕ್ಕೆ ಹಿಮ್ಮಡಿ ದಪ್ಪನೆ ಬಡಿಯಿತು, ಕಪಾಟಿನ ತಾಟುಗಳೆಲ್ಲ ಗಡಗಡ ಅಂದವು. ಆಮೇಲೆ ಹೊರಗೆ ಹೋಗಿ ಒಂದು ಕೀರ್ತನೆ ಗುನುಗಿಕೊಂಡರು. ಸಿಟ್ಟು ಇಳಿಯಿತು. ಅವರು ಮತ್ತೆ ನೆಲದಿಂದ ಮೊಳದೆತ್ತರ ಮೇಲೆದ್ದು, ಆ ಎತ್ತರದಲ್ಲೇ ಚರ್ಚಿನ ಕಡೆಗೆ ನಡೆದರು.

ನಮ್ಮ ಊರಿನಲ್ಲಿ ಹೀಗೇ. ಮನಸ್ಸು ಹಗುರಾದರೆ ಕಾಲು ನೆಲ ಬಿಡುತ್ತದೆ, ಭಾರವಾದರೆ ಕಾಲು ನೆಲದಲ್ಲಿ ಹೂಳುತ್ತದೆ. ಅದಕ್ಕೇ ನಾವು ಹೆಂಗಸರು ಉಡಿಯಲ್ಲಿ, ಗಂಡಸರು ಜೇಬಿನಲ್ಲಿ ಒಂದೊಂದು ಗುಂಡುಕಲ್ಲು ಇಟ್ಟುಕೊಳ್ಳುತ್ತೇವೆ. ಎರಡಕ್ಕೂ ಹೆಸರು ಉಡಿಗಲ್ಲೇ. ಮದುಮಗಳಿಗೆ ಬೇರೆ ಊರಿನಲ್ಲಿ ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬುತ್ತಾರಂತೆ. ನಮ್ಮಲ್ಲಿ ಕಲ್ಲು ಹಾಕಿ ತುಂಬುತ್ತೇವೆ, ಇಲ್ಲದಿದ್ದರೆ ಚಪ್ಪರಕ್ಕೆ ತಲೆ ಬಡಿದೀತು. ಸ್ಮಶಾನದ ದಾರಿಗೆ ದಪ್ಪ ಚಪ್ಪಡಿ ಹಾಸಿದೆ. ಮಗುವಿನ ದೀಕ್ಷಾಸ್ನಾನವಾದ ಮೇಲೆ ಪಾದ್ರಿ ಅಯ್ಯನವರು ಅದರ ಮುಷ್ಟಿಯೊಳಗೆ ಹೊಳೆಯ ಕಲ್ಲೊಂದನ್ನು ಇಡುತ್ತಾರೆ. ಮಗು ಅತ್ತರೆ ಅದನ್ನು ತೆಗೆದುಬಿಡುತ್ತಾರೆ, ಅಳುವ ಮಗುವಿಗೆ ಕಲ್ಲು ಬೇಡ.

ಇನ್ನೊಂದು ಪದ್ಧತಿ ಇದೆ. ಭಾನುವಾರ ಆರಾಧನೆಯ ಕಡೆಯ ಕೀರ್ತನೆಗೆ ಎಲ್ಲರೂ ಉಡಿಗಲ್ಲು ತೆಗೆದು ಬೆಂಚಿನ ಕೆಳಗಿಟ್ಟು ಹಾಡುತ್ತೇವೆ. ಆಗ ಎಷ್ಟು ಎತ್ತರ ಏಳುತ್ತೇವೋ ಅಷ್ಟು. ನಮ್ಮವರು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಗಾಯನ ತಂಡದ ಮುಂದಾಳು. ಸುಮ್ಮನೆ ಕೂತವರಲ್ಲ. ಹೋದ ವರ್ಷ ಸತ್ಯಮಿತ್ರ ಅಯ್ಯನವರು ಹೊಸದಾಗಿ ನಮ್ಮ ಚರ್ಚಿನ ಸಭೆಗೆ ಬಂದಾಗಿನಿಂದ ಜನ ಪ್ರತಿ ಭಾನುವಾರ ಸ್ವಲ್ಪ ಸ್ವಲ್ಪ ಹೆಚ್ಚು ಏಳುವುದನ್ನು ನೋಡಿದರು. ಬಾಗಿಲ ಪಕ್ಕದ ಕಂಬದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯತೊಡಗಿದರು. ಈ ವಾರ ಇಲ್ಲಿ, ಮುಂದಿನ ವಾರ ಇಲ್ಲಿ. ಗೆರೆ ಮೇಲೇರುತ್ತಲೇ ಹೋಯಿತು. ಇದೇ ಲೆಕ್ಕದಲ್ಲಿ ಹೋದರೆ ಇಂಥ ಬುಧವಾರ ಗೆರೆ ಮಾಳಿಗೆ ಮುಟ್ಟುತ್ತದೆ ಅಂತ ಕಂಡುಹಿಡಿದರು.

“ಮಾಳಗಿ ಮುಟ್ಟಿದ ಮ್ಯಾಲ ನಿಲ್ಲೂದು ಎಲ್ಲಿ? ಆಕಾಶಾನ. ಕರ್ತ ನಮ್ಮನ್ನ ಕರಕೊಳ್ಳೂ ದಿನ ಅದು,” ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಅದು ಆಟವಲ್ಲ, ನನ್ನ ಗಂಡ ಸುಳ್ಳುಗಾರನಲ್ಲ.

ಸತ್ಯಮಿತ್ರ ಅಯ್ಯನವರು ಇನ್ನೂ ಮೀಸೆ ಚಿಗುರುತ್ತಿರುವ ಹುಡುಗ. ಮೆಲ್ಲಗೆ ಹೇಳಿದರು: “ಮಾಸ್ತರ, ಆ ದಿನ ಯಾವುದಂತ ತಂದಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲಂತ ಕರ್ತನ ಹೇಳ್ಯಾನಲ್ಲ.”

“ಅದು ಬ್ಯಾರೆ ಊರಿನವರಿಗೆ, ಅಯ್ಯನೋರ. ನಮ್ಮಲ್ಲಿ ಕಂಬ ಐತಿ,” ಅಂದರು ಇವರು.

ಕಂಬ ಇದೆ ಅಂದಮೇಲೆ ಯಾರು ಏನು ಹೇಳಿಯಾರು! ಅರ್ಧ ಸಭೆ ನಂಬಿತು. ನಂಬಿದವರಿಗೆ ಹಿಗ್ಗೋ ಹಿಗ್ಗು. ಮೇಲೆ ಹೋಗುವವರಿಗೆ ಭಾರ ಯಾಕೆ ಎಂದು ತಮ್ಮ ತಮ್ಮ ಉಡಿಗಲ್ಲುಗಳನ್ನು ಚರ್ಚಿನ ಬಾವಿಗೆ ಎಸೆದರು. ಹಿರಿಯರಾದ ಗಮಲಿಯೇಲಪ್ಪನವರು ಎಲ್ಲರಿಗಿಂತ ಮೊದಲು ಎಸೆದರು, ಸದ್ದು ಎಲ್ಲರಿಗೂ ಕೇಳಿಸುವ ಹಾಗೆ. ಪರ್ಸಿಸಜ್ಜಿ ತನ್ನ ಎಮ್ಮೆಯನ್ನೇ ಕೊಟ್ಟುಬಿಟ್ಟಳು. ಅಜ್ಜಿಗೆ ಹಿಂದಿಲ್ಲ ಮುಂದಿಲ್ಲ, ಆ ಎಮ್ಮೆಯ ಹಾಲು ಮಾರಿ ಬದುಕುವವಳು. ಪಕ್ಕದ ಮನೆಯ ಶಿವಲೀಲವ್ವನ ಅಂಗಳಕ್ಕೆ ಎಮ್ಮೆ ಹೊಡೆದುಕೊಂಡು ಹೋಗಿ, “ತಗೋ, ನೀನರ ಹಿಂಡ್ಕೊ. ನಾ ಹೊಂಟೆ,” ಅಂದಳಂತೆ.

ಶಿವಲೀಲವ್ವ ಹಿಟ್ಟಿನ ಗಿರಣಿಯವಳು, ನಮ್ಮ ಸಭೆಯವಳಲ್ಲ. ಅವಳ ಬಾಯಿಗೆ ಬೀಗವಿಲ್ಲ. ಗಿರಣಿಯ ಬಾಗಿಲಲ್ಲಿ ನಿಂತು ನನಗೆ ಹೇಳಿದಳು: “ಯವ್ವಾ ತಬಿಥಕ್ಕ, ಲೋಕ ಮುಗಿಯೂದು ಬುಧವಾರ ಅಂದ್ರ ನಿಮ್ಮ ಮಂದಿಗೆ ಮಂಗಳವಾರ ಒಳಗ ಜ್ವಾಳ ಬೀಸಿಸ್ಕೊಂಡು ಹೋಗಾಕ ಹೇಳವಾ. ಆಮ್ಯಾಲ ಚೀಲ ಇಟ್ಟುಕೊಂಡು ಕಾಯೂದು ನನ್ನ ಕೈಲಿ ಆಗೂದಿಲ್ಲ.” ನಾನು ನಕ್ಕೆ. ಆದರೆ ಒಳಗೊಳಗೆ ಹೆದರಿಕೆ. ಕರ್ತ ಬಂದರೆ ಸರಿ, ನಾನೂ ಕಾಯುತ್ತಿರುವವಳೇ. ಬಾರದಿದ್ದರೆ ನನ್ನ ಮನೆಯ ಈ ಮನುಷ್ಯ ಏನಾದಾನು? ನನ್ನ ಕಲ್ಲನ್ನು ಮಾತ್ರ ನಾನು ಎಸೆಯಲಿಲ್ಲ.

ಬುಧವಾರ ಮಧ್ಯಾಹ್ನ ಅವರೆಲ್ಲ ಏಣಿ ಹತ್ತಿ ಚರ್ಚಿನ ಮಾಳಿಗೆಯ ಮೇಲೆ ಸೇರಿದರು. ತೊಲೆಯ ಮೇಲೆ ಮಣ್ಣು ಹಾಕಿ ಬಡಿದ ಹಳೆಯ ಮಾಳಿಗೆ ಅದು. ಒಳಗೆ ನಿಂತರೆ ತಲೆ ಬಡಿಯುತ್ತದಲ್ಲ, ಅದಕ್ಕೆ ಮೇಲೆ. ಉಳಿದ ಊರೆಲ್ಲ ಕೆಳಗೆ ಬೇವಿನ ಮರದ ಸುತ್ತ ನೆರೆದಿತ್ತು. ನಮ್ಮವರು ಕೈ ಎತ್ತಿದರು, ಹಾಡು ಸುರುವಾಯಿತು. ಏನು ಹಾಡಪ್ಪಾ ಅದು! ಅಂಥ ಹಾಡು ನಮ್ಮ ಚರ್ಚಿನಲ್ಲಿ ನಾನು ಕೇಳಿಲ್ಲ. ಎಲ್ಲರೂ ಎದ್ದರು. ಮೊಳ, ಆಳೆತ್ತರ, ಎರಡಾಳು, ಬೇವಿನ ನೆತ್ತಿಯ ತನಕ. ಪರ್ಸಿಸಜ್ಜಿಯ ಬಿಳಿ ಸೀರೆ ಗಾಳಿಗೆ ಪಟಪಟ ಅನ್ನುತ್ತಿತ್ತು. ನಮ್ಮವರು ಎಲ್ಲರಿಗಿಂತ ಮೇಲಿದ್ದರು. ಒಂದು ಗಳಿಗೆ ನನಗೂ, ಹೌದೇನೋ ಅನ್ನಿಸಿ ಎದೆ ಝಲ್ ಅಂದಿತು.

ಅಲ್ಲಿಗೆ ನಿಂತಿತು. ಹಾಡು ಮುಗಿಯಿತು, ಇನ್ನೊಂದು ಹಾಡಿದರು, ಅದೂ ಮುಗಿಯಿತು. ಬಿಸಿಲು ಇಳಿಯತೊಡಗಿತು. ಗಂಟಲು ಒಣಗಿತು, ಯಾರಿಗೋ ಸೀನು ಬಂತು. ಅಜ್ಜಿ ಮೇಲಿನಿಂದಲೇ, “ನನಗ ಬಚ್ಚಲಕ್ಕ ಹೋಗಬೇಕಾಗೈತೋ,” ಅಂತ ಕೂಗಿದಳು. ಒಬ್ಬೊಬ್ಬರಾಗಿ ಇಳಿಯತೊಡಗಿದರು. ಕೆಲವರು ಬೇವಿನ ಕೊಂಬೆಗೆ ಸಿಕ್ಕಿಕೊಂಡರು. ಬೇಸರವಾಗಿದ್ದರೂ ಅಷ್ಟು ಹಾಡಿದ ಮೈ ಇನ್ನೂ ಪೂರ್ತಿ ಇಳಿದಿರಲಿಲ್ಲ, ಕಲ್ಲು ನೋಡಿದರೆ ಬಾವಿಯಲ್ಲಿ. ಗಾಳಿ ಬೀಸಿದತ್ತ ಹೋಗುತ್ತಿದ್ದರು. ಶಿವಲೀಲವ್ವ ಗಿರಣಿಯಿಂದ ಉದ್ದನೆಯ ಹಗ್ಗ ತಂದು ಅವರನ್ನೆಲ್ಲ ಸೊಂಟಕ್ಕೆ ಸುತ್ತಿ, ಸಂತೆಗೆ ತಂದ ಆಡುಗಳಂತೆ ಬೇವಿನ ಬುಡಕ್ಕೆ ಸಾಲಾಗಿ ಕಟ್ಟಿದಳು.

ನಮ್ಮವರು ಕಡೆಗೆ ಇಳಿದರು. ಇಳಿದರು ಅನ್ನುವುದೇನು, ಬಿದ್ದರು. ಕಾಲು ಮಾಳಿಗೆಗೆ ತಾಗುವ ಹೊತ್ತಿಗೆ ಮನಸ್ಸು ಮುರಿದಿತ್ತು. ಮೊಣಕಾಲ ತನಕ ಮಣ್ಣಿನಲ್ಲಿ ಹೂತುಹೋದರು. ಒಳಗಿನಿಂದ ತೊಲೆ ಲಟಕ್ ಅಂತ ಸದ್ದು ಮಾಡಿತು. ಕಷ್ಟಪಟ್ಟು ಕಾಲು ಕಿತ್ತು ಏಣಿಯ ಮೇಲಿಟ್ಟರೆ ಏಣಿಯ ಮೆಟ್ಟಿಲುಗಳು ಒಂದರ ಹಿಂದೊಂದು ಮುರಿದವು. ಗಟ್ಟಿಮುಟ್ಟಾದ ಗಂಡಸರು ಹಗ್ಗ ಎಸೆದು ಎಳೆದರು, ಹಗ್ಗವೇ ಹರಿಯಿತು. ಅವರು ಮತ್ತೆ ಮಾಳಿಗೆಯ ನಡುವೆ ಕುಸಿದು ಮುಖ ಮುಚ್ಚಿಕೊಂಡು ಕೂತರು. ಕೂತಲ್ಲೇ ಇಳಿಯುತ್ತಿದ್ದರು. ಅಯ್ಯನವರು ಒಳಗೆ ಹೋಗಿ ನೋಡಿ ಓಡಿಬಂದರು. ದೊಡ್ಡ ತೊಲೆ ಬಿರುಕು ಬಿಟ್ಟಿದೆ, ಇನ್ನೂ ಭಾರವಾದರೆ ಮಾಳಿಗೆ ಮಾಸ್ತರರ ಸಮೇತ ಒಳಗೆ ಬೀಳುತ್ತದೆ ಅಂದರು.

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹೋಗಿ ಅವರನ್ನು ಹಿಡಿಯೋಣವೆಂದರೆ ಹೆದರಿಕೆಗೆ ನನ್ನ ಕಾಲೇ ಅಂಗಳದಲ್ಲಿ ಪಾದ ಮುಳುಗುವಷ್ಟು ಹೂತಿತ್ತು. ನಿಂತಲ್ಲೇ ಕೂಗಿದೆ: “ರೀ, ಏನರ ಛಲೋದು ನೆನಸ್ರಿ! ಹಗುರಾಗ್ರಿ!”

“ಏನ್ ನೆನಸ್ಲಿ, ತಬಿಥಾ?” ಅಂದರು. ಮತ್ತೆ ಸ್ವಲ್ಪ ಇಳಿದರು.

ಆಗ ಗಮಲಿಯೇಲಪ್ಪ ಹಗ್ಗದ ತುದಿಯಲ್ಲಿ ತೇಲುತ್ತಲೇ ಕೂಗಿದರು: “ಮಾಸ್ತರ, ಗಾಬರಿ ಆಗಬ್ಯಾಡ್ರಿ! ಲೆಕ್ಕ ಸರಿ ಐತಿ, ಒಂದು ಗೆರಿ ಬಿಟ್ಟೀರಿ ಅಷ್ಟ! ಗರಿಗಳ ಭಾನುವಾರ ನೀವು ಜ್ವರ ಬಂದು ಮಲಗಿದ್ರಿ ನೋಡ್ರಿ, ಆ ಗೆರಿ ಹಿಡದಿಲ್ಲ. ಅದನ್ನ ಹಿಡದ್ರ ಮುಂದಿನ ತಿಂಗಳ ಬರ್ತೈತಿ. ಹೇಳಿಬಿಡ್ರಿ, ಮುಂದಿನ ತಿಂಗಳ ಅಂತ!”

ಇವರು ಮುಖದ ಮೇಲಿನ ಕೈ ತೆಗೆದರು. ಕಣ್ಣು ಮಿನುಗಿತು. ಬೆರಳು ಮಡಚಿ ಏನೋ ಎಣಿಸಿದರು. ನೋಡುನೋಡುತ್ತಿದ್ದಂತೆ ಮಣ್ಣಿನಿಂದ ಒಂದು ಗೇಣು ಮೇಲೆ ಬಂದರು. ಬೇವಿನ ಬುಡದಲ್ಲಿ ಕಟ್ಟಿದ್ದವರೆಲ್ಲ “ಹೌದ್ರಿ, ಹೌದ್ರಿ” ಅಂದರು. ನಿಜ ಹೇಳುತ್ತೇನೆ, ನನಗೂ ಆಸೆಯಾಯಿತು. ಹೇಳಿ ಇಳಿದುಬರಲಿ, ಜೀವ ಉಳಿದರೆ ಸಾಕು, ಮುಂದಿನದು ಮುಂದೆ ಅನ್ನಿಸಿತು. ಆದರೆ ಈ ನನ್ನ ಬಾಯಿ ಇದೆಯಲ್ಲ, ನನ್ನನ್ನು ಕೇಳಿ ಮಾತಾಡುವುದಿಲ್ಲ.

“ರೀ! ಮುಂದಿನ ತಿಂಗಳ ಅಂದ್ರ ಈಗ ಇಳಿತೀರಿ. ಮುಂದಿನ ತಿಂಗಳ ಎಲ್ಲಿಂದ ಇಳಿತೀರಿ?”

ಅವರು ನನ್ನನ್ನು ನೋಡಿದರು. ಆಮೇಲೆ ಹಗ್ಗದಲ್ಲಿ ಕಟ್ಟಿಸಿಕೊಂಡು ತೇಲುತ್ತಿದ್ದ ಪರ್ಸಿಸಜ್ಜಿಯನ್ನು ಬಹಳ ಹೊತ್ತು ನೋಡಿದರು. ಮಡಚಿದ ಬೆರಳು ಬಿಚ್ಚಿದರು.

“ಇಲ್ಲ ಗಮಲಿಯೇಲಪ್ಪ. ಗೆರಿ ಬಿಟ್ಟಿಲ್ಲ, ನಾ ತಪ್ಪೀನಿ. ತಿಂಗಳಾನೂ ಬ್ಯಾಡ, ದಿನಾನೂ ಬ್ಯಾಡ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂದೆ. ಕರ್ತ ಹೇಳದ್ದನ್ನ ಕರ್ತ ಹೇಳ್ಯಾನ ಅಂದೆ. ನಿಮ್ಮ ಕಲ್ಲು ಬಾವ್ಯಾಗ ಹಾಕಿಸಿದೆ. ಅಜ್ಜಿ ಎಮ್ಮಿ ಬಿಡಿಸಿದೆ. ನನ್ನಿಂದ ತಪ್ಪಾತು, ಎಲ್ಲಾರೂ ಕ್ಷಮಾ ಮಾಡ್ರಿ.”

ಒಂದೊಂದು ಮಾತಿಗೂ ಇಳಿಯುತ್ತ ಹೋದರು. ಮಾತು ಮುಗಿಯುವಷ್ಟರಲ್ಲಿ ಸೊಂಟದ ತನಕ ಮಾಳಿಗೆಯಲ್ಲಿ ಹೂತಿದ್ದರು. ಒಳಗೆ ಮಣ್ಣಿನ ಹೆಂಟೆಗಳು ಬೆಂಚುಗಳ ಮೇಲೆ ಬೀಳುವ ಸದ್ದು ಕೇಳಿಸಿತು. ನಾನು ಕಣ್ಣು ಮುಚ್ಚಿಕೊಂಡೆ. ನನ್ನ ಬಾಯಿಗೆ ಬೆಂಕಿ ಬೀಳಲಿ, ನಾನೇ ಕೊಂದೆ ಅಂದುಕೊಂಡೆ.

ಆಗ ಪರ್ಸಿಸಜ್ಜಿಯ ದನಿ ಕೇಳಿತು. ಅಜ್ಜಿ ಭಾನುವಾರ ಶಾಲೆಯಲ್ಲಿ ನಮ್ಮವರಿಗೆ ಕೀರ್ತನೆ ಕಲಿಸಿದವಳು, ಇವತ್ತಿಗೂ ಹೆಸರು ಹಿಡಿದೇ ಕರೆಯುತ್ತಾಳೆ.

“ಏ ಹಿಜ್ಕೀಯಾ! ಮಾರಿ ಮ್ಯಾಲ ಮಾಡು. ನಿನ್ನ ಗೆರಿ ನೋಡಿ ನಾ ಏನ್ ಎಮ್ಮಿ ಕೊಟ್ಟಿಲ್ಲೋ. ಕರ್ತನ ಮಾರಿ ನೋಡೂ ಆಸೇಕ ಕೊಟ್ಟೆ. ಆ ಆಸೆ ನೀ ಕೊಟ್ಟಿದ್ದೂ ಅಲ್ಲ, ನೀ ಕಸಗೊಳ್ಳೂದೂ ಅಲ್ಲ. ಅವ ಬಂದ ಬರ್ತಾನ, ನಾ ನೋಡೇ ನೋಡ್ತೀನಿ. ನಿನಗ ನಾ ಕ್ಷಮಾ ಮಾಡೀನಿ. ಆದ್ರ ನನ್ನ ಎಮ್ಮಿ ಭಾಳ ಹಟಮಾರಿ, ಅದು ಮಾಡೂದಿಲ್ಲ. ನಾಳಿಂದ ಹಿಂಡಾಕ ನೀನ ಬಾ. ಒದಿಸ್ಕೊ!”

“ಎಮ್ಮಿ ಇನ್ನೂ ನಿಂದ ಐತಿ ಬಿಡ ಅಜ್ಜಿ,” ಅಂದಳು ಶಿವಲೀಲವ್ವ. “ನಾ ಮೇವು ಹಾಕಿ ಕಟ್ಟಿ ಕಾದೀನಿ ಅಷ್ಟ. ನನಗೂ ಒದ್ದೈತದು.”

ಎಲ್ಲೋ ಒಬ್ಬರು ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಸತ್ಯಮಿತ್ರ ಅಯ್ಯನವರು ಮುಂದೆ ಬಂದರು. ನನಗೆ ಗೊತ್ತಿತ್ತು, ಈಗ ಇವರು ‘ನಾನು ಮೊದಲೇ ಹೇಳಿರಲಿಲ್ಲವೇ’ ಅನ್ನುತ್ತಾರೆ. ಅನ್ನುವ ಹಕ್ಕೂ ಅವರಿಗಿತ್ತು. ಅವರು ಕೈ ಹಿಸುಕಿಕೊಂಡು ಮಾಳಿಗೆಯ ಕಡೆ ನೋಡಿದರು.

“ಮಾಸ್ತರ, ನಂದೂ ಒಂದು ತಪ್ಪೈತಿ. ಗೆರಿ ಯಾಕ ಮ್ಯಾಲೇರಾಕತ್ತಾವ ಅಂತ ನನಗ ಮೊದಲಿಂದ ಗೊತ್ತಿತ್ತು. ಹೇಳಾಕ ನಾಚಿದೆ. ಹಳೇ ಅಯ್ಯನೋರು ಆರಾಧನ್ಯಾಗ ಮಾಡ್ತಿದ್ದ ಉಪದೇಶದ ಪ್ರಸಂಗ ನಿಮಗೆಲ್ಲಾ ನೆನಪೈತಲ್ಲ? ಮನ್ಯಾಗ ಒಲಿ ಮ್ಯಾಲಿಟ್ಟ ಅನ್ನ ಹೊತ್ತಿ ಹೋದ್ರೂ ಮುಗೀತಿರಲಿಲ್ಲ. ನನಗ ನಿಮ್ಮನ್ನೆಲ್ಲಾ ನೋಡಿದ್ರ ಕಾಲು ನಡಗ್ತಿದ್ವು. ವಾರ ವಾರ ಒಂದೊಂದು ಮಾತು ಬಿಟ್ಟು ಲಗೂ ಲಗೂ ಮುಗಿಸ್ಕೋತ ಬಂದೆ. ಕರ್ತ ಹತ್ರ ಬಂದ ಅಂತ ಗೆರಿ ಏರಿಲ್ಲ. ಪ್ರಸಂಗ ಸಣ್ಣದಾತು ಅಂತ ಏರ್‍ಯಾವ!”

ಊರಿಗೆಲ್ಲ ನಗೆ ಹತ್ತಿತು ನೋಡಿ. ನಮ್ಮ ಸಭೆಯವರು ನಕ್ಕರು, ಬೇರೆಯವರು ನಕ್ಕರು, ಸೆಟೆದುಕೊಂಡಿದ್ದ ಗಮಲಿಯೇಲಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೂ ನಮ್ಮವರನ್ನು ನೋಡಿ ನಗಲಿಲ್ಲ, ಅವರ ಜೊತೆ ನಕ್ಕರು. ಮಾಳಿಗೆಯ ಮೇಲಿಂದ ‘ಖೊಕ್’ ಅಂತ ಒಂದು ಸದ್ದು ಬಂತು. ನನ್ನ ಗಂಡನ ನಗೆ! ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ, ಮೊದಲು ಕೆಮ್ಮಿದ ಹಾಗಿರುತ್ತದೆ, ಆಮೇಲೆ ನಿಲ್ಲುವುದಿಲ್ಲ. ನಗುತ್ತ ಅಳುತ್ತ ಸೊಂಟದಿಂದ ಮೊಣಕಾಲಿನ ತನಕ ಮೇಲೆ ಬಂದರು. ಅಲ್ಲಿಗೆ ನಿಂತರು. ಸ್ವಂತ ಬಲದಿಂದ ಅದಕ್ಕಿಂತ ಮೇಲೆ ಬರುವುದು ಅವರಿಂದಾಗಲಿಲ್ಲ. ತೊಲೆ ಮತ್ತೆ ಸದ್ದು ಮಾಡಿತು.

“ಶಿವಲೀಲಾ, ಹಗ್ಗ ಬಿಚ್ಚ,” ಅಂದಳು ಅಜ್ಜಿ.

“ಗಾಳಿಗೆ ಹಾರಿ ಹೋದೀಯಜ್ಜಿ!”

“ಹೋಗ್ಲಿಕ್ಕಲ್ಲ, ತರಾಕ ಹೊಂಟೀನಿ. ಬಿಚ್ಚ.”

ಶಿವಲೀಲವ್ವ ಬಿಚ್ಚಿದಳು. ಮೊದಲು ಅಜ್ಜಿ, ಅವಳ ಹಿಂದೆ ಗಮಲಿಯೇಲಪ್ಪ, ಅವರ ಹಿಂದೆ ಉಳಿದವರು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಎದ್ದರು. ಇವರ ಮಾತು ಕೇಳಿ ಕಲ್ಲು ಕಳೆದುಕೊಂಡವರೇ ಎಲ್ಲರೂ. ಕಲ್ಲಿಲ್ಲದ್ದಕ್ಕೇ ಅವರು ಅಷ್ಟು ಸಲೀಸಾಗಿ ಮಾಳಿಗೆ ಮುಟ್ಟಿದರು. ಅಜ್ಜಿ ಇವರ ಕಿವಿ ಹಿಡಿದಳು, ಬೇರೆಯವರು ರಟ್ಟೆ ಹಿಡಿದರು, ಅಂಗಿ ಹಿಡಿದರು, ಕಾಲು ಹಿಡಿದರು. ಯಾರೋ ಕಡೆಯ ಕೀರ್ತನೆ ಎತ್ತಿಕೊಂಡರು. ಸ್ವರ ಎಲ್ಲೆಲ್ಲೋ ಹೋಗುತ್ತಿತ್ತು, ತಾಳ ಕೇಳುವುದೇ ಬೇಡ. ಮಾಸ್ತರರು ಮಣ್ಣಿನಿಂದ ಕಿತ್ತು ಬಂದರು. ಅಂಗಳದ ಅರ್ಧ ದಾರಿಗೆ ಅವರನ್ನು ತಂದಿದ್ದಾರೆ, ಹಿಂದೆ ತೊಲೆ ಮುರಿದು ಮಾಳಿಗೆ ಧಡಾಲನೆ ಒಳಗೆ ಬಿತ್ತು. ಧೂಳು ಮುಗಿಲಿಗೆ ಹೋಯಿತು. ಹಾಡು ನಿಲ್ಲಲಿಲ್ಲ.

ನನ್ನ ಮುಂದೆ ತಂದು ನಿಲ್ಲಿಸಿದರು. ಬಿಳಿ ಅಂಗಿ ಪೂರ್ತಿ ಕೆಂಪು ಮಣ್ಣು. ಬೈಯಬೇಕೆಂದು ದಿನವಿಡೀ ಕೂಡಿಟ್ಟ ಮಾತುಗಳಿದ್ದವು, ಒಂದೂ ನೆನಪಾಗಲಿಲ್ಲ. ಅವರ ಎದೆಗೆ ಹಣೆಯಿಟ್ಟು ಎಲ್ಲರೆದುರೇ ಅತ್ತುಬಿಟ್ಟೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು:

“ಮಸರು ಹೆಪ್ಪಾಗೈತೇನು?”

“ಆಗೈತ್ರಿ,” ಅಂದೆ.

ಅಂದು ಸಂಜೆ ಎಲ್ಲರೂ ನಮ್ಮ ಮನೆಗೇ ಬಂದರು. ಇದ್ದ ಮೊಸರಿಗೆ ನೀರು ಹಾಕಿದೆ, ಮತ್ತೆ ನೀರು ಹಾಕಿದೆ, ಉಪ್ಪು ಹಾಕಿ ಕರಿಬೇವು ಹಿಸುಕಿದೆ. ಕಡೆಗೆ ಕುಡಿದವರಿಗೆ ಬರೀ ಉಪ್ಪುನೀರು ಸಿಕ್ಕಿರಬೇಕು. ಯಾರೂ ಬಾಯಿ ಬಿಡಲಿಲ್ಲ. ಶಿವಲೀಲವ್ವ ಮಾತ್ರ, “ತಬಿಥಕ್ಕ, ಇದರಾಗ ಮಸರು ಎಲ್ಲಿ ಮುಳುಗೈತಿ?” ಅಂದಳು.

ಅದೇ ವಾರ ಬಾವಿಗೆ ಇಳಿದು ಕಲ್ಲುಗಳನ್ನೆಲ್ಲ ಮೇಲೆ ತೆಗೆದರು. ಗುಡ್ಡೆ ಹಾಕಿದ ಮೇಲೆ ಗೊತ್ತಾಯಿತು, ಯಾವುದು ಯಾರದು ಅಂತ ಯಾರಿಗೂ ಗುರುತಿಲ್ಲ. ಎಲ್ಲ ಒಂದೇ ಹೊಳೆಯ ಕಲ್ಲು, ಒಂದೇ ಕಪ್ಪು. ಗಮಲಿಯೇಲಪ್ಪ ತಕ್ಕಡಿ ತರಿಸೋಣ ಅಂದರು. ಅಜ್ಜಿ ಕೇಳಲಿಲ್ಲ. ಬಗ್ಗಿ ಕೈಗೆ ಸಿಕ್ಕಿದ್ದನ್ನು ಉಡಿಗೆ ಹಾಕಿಕೊಂಡು, “ಯಾರದರ ಆಗ್ಲಿ, ನಾ ಹೊರ್ತೀನಿ,” ಎಂದು ನಡೆದಳು. ಉಳಿದವರೂ ಹಾಗೇ ಮಾಡಿದರು. ನಾನೂ ನನ್ನ ಕಲ್ಲನ್ನು ಗುಡ್ಡೆಗೆ ಹಾಕಿ ಬೇರೊಂದು ತೆಗೆದುಕೊಂಡೆ. ನನ್ನದಕ್ಕಿಂತ ಒಂದಿಷ್ಟು ಭಾರ ಇದು. ಯಾರದೋ ಏನೋ, ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಚರ್ಚಿಗೆ ಈಗ ಹೊಸ ಮಾಳಿಗೆ ಬಂದಿದೆ. ಕಂಬ ಹಾಗೇ ಉಳಿದಿತ್ತು. ನಮ್ಮವರು ಒದ್ದೆ ಬಟ್ಟೆ ಹಿಡಿದು ಗೆರೆ ಒರೆಸಲು ಹೋದರೆ ಅಯ್ಯನವರು ತಡೆದರು. ಭಾನುವಾರ ಶಾಲೆಯ ಮಕ್ಕಳು ಅಲ್ಲಿ ಬೆನ್ನು ಕೊಟ್ಟು ನಿಂತು ಯಾರು ಎಷ್ಟು ಬೆಳೆದರು ಅಂತ ನೋಡಿಕೊಳ್ಳುತ್ತಾರೆ. ಅಯ್ಯನವರಿಗೆ ಈಗ ಧೈರ್ಯ ಬಂದಿದೆ, ಪ್ರಸಂಗ ಉದ್ದವಾಗಿದೆ. ಕಡೆಯ ಕೀರ್ತನೆಗೆ ನಾವು ಗೇಣುದ್ದ ಏಳುವುದೂ ಕಷ್ಟ.

ಮಾಸ್ತರರು ದಿನಾ ಎರಡು ಹೊತ್ತು ಎಮ್ಮೆ ಹಿಂಡಲು ಹೋಗುತ್ತಾರೆ. ಮೊದಮೊದಲು ಕುಂಟುತ್ತ ಬರುತ್ತಿದ್ದರು, ಈಗ ಇಬ್ಬರಿಗೂ ರಾಜಿಯಾಗಿದೆ. ನಿನ್ನೆ ಸಂಜೆ ಅಜ್ಜಿ ಕೊಟ್ಟ ಹಾಲು ತಂದು ನನ್ನ ಪಕ್ಕದಲ್ಲಿಟ್ಟು, ಬಾಗಿಲಲ್ಲಿ ನಿಂತು ಪಡುವಣದ ಕಡೆ ನೋಡುತ್ತಿದ್ದರು.

“ಇವತ್ತೂ ಬರ್ಲಿಲ್ಲ, ತಬಿಥಾ.”

“ಹೂಂನ್ರಿ, ಬರ್ಲಿಲ್ಲ.”

“ನಾಳೆ ಬಂದರೂ ಬಂದಾನು. ಹಂಗಂತ ನಾ ದಿನಾ ಹೇಳಾಕತ್ತಿಲ್ಲ ಮತ್ತ.”

“ಇಲ್ರೀ, ಯಾರಂದ್ರು?”

ನಾನು ಹೆಪ್ಪು ಹಾಕಲು ಗಡಿಗೆ ತೆಗೆದೆ. ನಮಗಿಬ್ಬರಿಗೆ ಬೇಕಾದಷ್ಟು ಹಾಲು ಸುರಿದೆ. ಅವರು ಬಂದು ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಚರಿಗೆಯಿಂದ ಇನ್ನೊಂದು ಲೋಟ ಹಾಲು ತೆಗೆದು ಗಡಿಗೆಗೆ ಹಾಕಿದರು.

“ಬಿಸಲಾಗ ಬರ್ತಾನಲ್ಲ,” ಅಂದರು. “ಬೇಕಾಗ್ತೈತಿ.”

ನಾನು ಹೆಪ್ಪು ಹಾಕಿ ಗಡಿಗೆ ಮುಚ್ಚಿದೆ. ನನ್ನ ಉಡಿಯಲ್ಲಿ ಯಾರದೋ ಭಾರವಾದ ಕಲ್ಲು ಇದ್ದೇ ಇತ್ತು. ಆದರೂ ಕಾಲು ನೆಲ ಬಿಟ್ಟಿತು.